ಸೀಮೆ ದಾಟಿದವರಿಗೆ ಯಾರು ದಿಕ್ಕು?

ನಮ್ಮ ಗದಗ ಸೀಮೆಯ ಯಳವತ್ತಿಯ ಕಟ್ಟೆಯ ಮೇಲೆ ಕುಳಿತವರ ಮುಂದೆ ‘ಆಶ್ರಯ’ ಅಂದು ನೋಡಿ. ‘ಲಿಸ್ಟಿನ್ಯಾಗ ಹೆಸರು ಬಂತೇನ್ರಿ?’ ಎಂಬ ಮರುಪ್ರಶ್ನೆ ಬರುತ್ತದೆ. ನಮ್ಮ ಕಡೆ ಆಶ್ರಯ ಎಂದರೆ ಸರ್ಕಾರದ ಮನೆ. ಪಂಚಾಯ್ತಿಯವರು ಬರಕೊಂಡು ಹೋದ ಹೆಸರು, ಕಂತಿನಲ್ಲಿ ಬರಬೇಕಾದ ಬಿಲ್ಲು, ಬಿಲ್ಲು ಬಾರದೆ ಲಿಂಟಲ್ ಮಟ್ಟಕ್ಕೇ ನಿಂತ ಗೋಡೆ. ಇನ್ನೊಂದು ಮಾತು ‘ಶರಣಾರ್ಥಿ’. ಎದುರಾದವರಿಗೆ ಕೈಮುಗಿದು ನಾವು ಹೇಳುವ ಈ ಮಾತು ಹಿಂದಿಯವರ ಬಾಯಲ್ಲಿ ಊರು ಕಳಕೊಂಡು ಬಂದವನ ಹೆಸರು. ನಮಗೆ ನಮಸ್ಕಾರ, ಅವರಿಗೆ ನಿರಾಶ್ರಿತ.

ಈ ವಾರದ ವಿಷಯ ಆ ಎರಡನೆಯ ಅರ್ಥದ್ದು. ನಂಬಿದ ಧರ್ಮದ ಕಾರಣಕ್ಕೆ ಹುಟ್ಟಿದೂರಿನಲ್ಲಿ ಬಾಳುವುದು ಕಷ್ಟವಾಗಿ, ಹೆಂಡತಿ ಮಕ್ಕಳನ್ನು ಕರಕೊಂಡು ಪರದೇಶದ ಬಾಗಿಲು ತಟ್ಟಿದ ಕ್ರೈಸ್ತ ಕುಟುಂಬಗಳ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಪಾಕಿಸ್ತಾನದ ಆಸಿಯಾ ಬೀಬಿಯ ಪ್ರಕರಣ. 2009ರ ಜೂನ್ ತಿಂಗಳು, ಪಂಜಾಬಿನ ಒಂದು ಹಳ್ಳಿ. ಹೊಲದಲ್ಲಿ ಹಣ್ಣು ಬಿಡಿಸುವ ಕೂಲಿಗೆ ಹೋದ ಹೆಣ್ಣುಮಗಳು ನೀರು ತಂದಳು. ಆಕೆ ಮುಟ್ಟಿದ ಪಾತ್ರೆಯ ನೀರು ತಮಗೆ ಬೇಡವೆಂದು ಜೊತೆಯ ಕೂಲಿಗಳು ತಕರಾರು ತೆಗೆದರು. ಬೇರೆ ತಂಬಿಗೆ, ಬೇರೆ ಲೋಟದ ಸಂಕಟವನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಆ ಜಗಳ ಧರ್ಮನಿಂದನೆಯ ಮೊಕದ್ದಮೆಯಾಯಿತು. 2010ರಲ್ಲಿ ಗಲ್ಲುಶಿಕ್ಷೆ. ಆಕೆಯ ಪರವಾಗಿ ಮಾತಾಡಿದ ಪಂಜಾಬ್ ಗವರ್ನರ್ ಸಲ್ಮಾನ್ ತಾಸೀರ್ ಹಾಗೂ ಕೇಂದ್ರ ಸಚಿವ ಶಹಬಾಜ್ ಭಟ್ಟಿ 2011ರಲ್ಲಿ ಕೊಲೆಯಾದರು. 2018ರ ಅಕ್ಟೋಬರ್ 31ರಂದು ಅಲ್ಲಿನ ಸುಪ್ರೀಂ ಕೋರ್ಟು ಆಕೆಯನ್ನು ನಿರ್ದೋಷಿ ಎಂದಿತು. ನಿರ್ದೋಷಿಯಾದ ಮೇಲೂ ಊರಿಗೆ ಹೋಗುವ ಹಾಗಿರಲಿಲ್ಲ. 2019ರ ಮೇ ತಿಂಗಳಲ್ಲಿ ಆಕೆ ಕೆನಡಾ ಸೇರಿದಳು.

ಪರದೇಶ ಎಂದ ಕೂಡಲೇ ವಿಮಾನ ನೆನಪಾಗುತ್ತದೆ. ನಮ್ಮ ಮುತ್ತಜ್ಜಂದಿರಿಗೆ ಚಕ್ಕಡಿಯೇ ಸಾಕಿತ್ತು. ಗದಗ ಇಂಗ್ಲಿಷರ ಮುಂಬೈ ಪ್ರಾಂತದ್ದು, ಲಕ್ಷ್ಮೇಶ್ವರ ಮೀರಜ್ ಪಟವರ್ಧನರದ್ದು, ಶಿರಹಟ್ಟಿ ಸಾಂಗಲಿಯವರದ್ದು. ಮುಂಡರಗಿಯಿಂದ ಹೊಳೆ ದಾಟಿದರೆ ಮದ್ರಾಸ್ ಪ್ರಾಂತದ ಹಡಗಲಿ, ಮೂಡಲಿಗೆ ಹೋದರೆ ನಿಜಾಮನ ಕೊಪ್ಪಳ. ಮುಂಜಾನೆ ಒಬ್ಬ ದೊರೆಯ ಸೀಮೆಯಲ್ಲಿ ಬುತ್ತಿ ಕಟ್ಟಿದವನು ಸಂಜೆಗೆ ಇನ್ನೊಬ್ಬನ ಸೀಮೆಯಲ್ಲಿ ಅದನ್ನು ಬಿಚ್ಚಬಹುದಿತ್ತು. 1947-48ರಲ್ಲಿ ರಜಾಕಾರರ ಹಾವಳಿ ಎದ್ದಾಗ ಕೊಪ್ಪಳದ ಕಡೆಯ ಜನ ಮಾಡಿದ್ದೂ ಇದನ್ನೇ. ದನಕರು, ಕಾಳಿನ ಚೀಲ ಹೇರಿಕೊಂಡು ಈಚೆ ಬಂದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ನಡೆಸಿದ ಶಿಬಿರಗಳ ಹೆಸರು ಹೈದರಾಬಾದ್ ಕರ್ನಾಟಕದ ಹೋರಾಟದ ಚರಿತ್ರೆಯಲ್ಲಿ ಇದೆ. ಹಾಗೆ ಬಂದವರ ಹತ್ತಿರ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಯಾವೂರವರು, ಯಾರ ಮಗ ಎಂದಷ್ಟೇ ಕೇಳಿರಬೇಕು.

ಕನ್ನಡ ನಾಡಿನಲ್ಲಿ ಕ್ರೈಸ್ತರೇ ಹೀಗೆ ಸೀಮೆ ದಾಟಿ ಬಂದ ಕಥೆ ಇದಕ್ಕಿಂತ ಬಹಳ ಹಳೆಯದು. ಅದು ಕರಾವಳಿಯ ಕಥೆ, ಒಂದಲ್ಲ ಎರಡು ಸಲ ನಡೆದದ್ದು. ಮೊದಲ ಸಲ ಅವರನ್ನು ಓಡಿಸಿದವರು ಕ್ರೈಸ್ತರೇ!

ಗೋವೆಯಲ್ಲಿ ಪೋರ್ಚುಗೀಸರು 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ತೆರೆದರು. ಕ್ರೈಸ್ತರಾದ ಕೊಂಕಣಿಗರು ಹಳೆಯ ಆಚಾರ ಬಿಟ್ಟಿದ್ದಾರೋ ಇಲ್ಲವೋ ಎಂದು ನೋಡುವುದು ಅದರ ಕೆಲಸಗಳಲ್ಲೊಂದು. 1736ರಲ್ಲಿ ಅದು ಹೊರಡಿಸಿದ ಒಂದು ಆಜ್ಞೆಯನ್ನು ಓದಿದರೆ ಕಾನೂನು ಅಡುಗೆಮನೆಯ ಹೊಸ್ತಿಲ ಒಳಗೆ ಎಷ್ಟು ದೂರ ಬಂದಿತ್ತೆಂದು ತಿಳಿಯುತ್ತದೆ. ಮದುವೆಯಲ್ಲಿ ಎಲೆ ಅಡಿಕೆ, ಹೂವು ಹಂಚಬಾರದು. ಗಂಡಸರು ಧೋತರ ಉಡಬಾರದು. ಮನೆಯ ಹತ್ತಿರ ತುಳಸಿ ಇರಬಾರದು. ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸಬಾರದು. ಶಿಲುಬೆಗೆ ಕೈಮುಗಿದು, ಊಟವಾದ ಮೇಲೆ ಒಂದೆಲೆ ಮೆಲ್ಲುವ ಸುಖಕ್ಕೂ ವಿಚಾರಣೆ. 1684ರಲ್ಲಿ ಕೊಂಕಣಿಯನ್ನೇ ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂಬ ಹುಕುಮೂ ಹೊರಟಿತ್ತು. ಇದರ ಜೊತೆಗೆ ಕಂದಾಯದ ಭಾರ, ಬರ, 1683ರಲ್ಲಿ ಸಂಭಾಜಿಯ ದಾಳಿ, 1737ರಿಂದ ಮರಾಠರ ಇನ್ನೊಂದು ದಂಡು. ಎರಡು ಶತಮಾನಗಳ ಉದ್ದಕ್ಕೂ ಕುಟುಂಬಗಳು ತೆಂಕಣಕ್ಕೆ ಇಳಿಯುತ್ತಲೇ ಬಂದವು.

ಅವರನ್ನು ಇರಿಸಿಕೊಂಡವರು ಕೆಳದಿಯ ನಾಯಕರು. ವೀರಶೈವ ಅರಸರು, ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ದಾರಿ ಮಾಡಿಕೊಟ್ಟ ಚೆನ್ನಮ್ಮಾಜಿಯ ಮನೆತನ. ಆದರೆ ಎಲ್ಲವನ್ನೂ ದಯೆಯ ಲೆಕ್ಕಕ್ಕೆ ಬರೆಯಬೇಕಾಗಿಲ್ಲ. ಕರಾವಳಿಯಲ್ಲಿ ಗದ್ದೆಯಾಗಬೇಕಾದ ನೆಲ ಬಿದ್ದಿತ್ತು, ಬಂದವರಿಗೆ ಭತ್ತದ ಬೇಸಾಯ ಗೊತ್ತಿತ್ತು, ಭತ್ತ ಹಡಗು ಹತ್ತಿದರೆ ಬೊಕ್ಕಸ ತುಂಬುತ್ತಿತ್ತು. ಆಶ್ರಯ ಕೊಡುವವನಿಗೂ ಅದರಲ್ಲಿ ಒಂದು ಪಾಲು ಲಾಭವಿದ್ದರೆ ಅದು ಬಾಳಿಕೆ ಬರುತ್ತದೆ ಎಂಬುದು ನನ್ನ ಅನಿಸಿಕೆ. ಬರೀ ಕನಿಕರ ಮುಂದಿನ ಬರಗಾಲದವರೆಗೆ.

1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಮೈಸೂರಿನ ಹೈದರಾಲಿಗೆ ಸೋತಿತು. ಇಂಗ್ಲಿಷರಿಗೂ ಮೈಸೂರಿಗೂ ನಡೆದ ಎರಡನೆಯ ಯುದ್ಧದಲ್ಲಿ ಮಂಗಳೂರಿನ ಕೋಟೆ ಇಂಗ್ಲಿಷರ ಕೈಸೇರಿ, ತಿಂಗಳುಗಟ್ಟಲೆ ಮುತ್ತಿಗೆ ಬಿದ್ದು, ಮತ್ತೆ ಟಿಪ್ಪು ಸುಲ್ತಾನನ ಕೈಗೆ ಬಂತು. ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರು ಎಂಬುದು ಟಿಪ್ಪುವಿನ ಆರೋಪ. 1784ರ ಫೆಬ್ರುವರಿ 24, ಕ್ರೈಸ್ತರಿಗೆ ತಪಸ್ಸಿನ ನಲವತ್ತು ದಿನ ಶುರುವಾಗುವ ಬೂದಿ ಬುಧವಾರದ ಹೊತ್ತು. ಹಳ್ಳಿಹಳ್ಳಿಯಿಂದ ಅವರನ್ನು ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸುಮಾರು ಆರು ವಾರದ ನಡಿಗೆ. ಎಷ್ಟು ಜನ ಎಂಬ ಲೆಕ್ಕ ಹೇಳುವವರ ಮೇಲೆ ಹೋಗುತ್ತದೆ: 30 ಸಾವಿರ ಎಂದವರಿದ್ದಾರೆ, 60 ಸಾವಿರ ಎಂದವರಿದ್ದಾರೆ. ದಾರಿಯಲ್ಲಿ ಸತ್ತವರೆಷ್ಟು, ಪಟ್ಟಣದಲ್ಲಿ ಸತ್ತವರೆಷ್ಟು ಎಂಬುದೂ ಹಾಗೇ. ಗಂಡಸರಿಗೆ ಬಲವಂತದ ಸುನ್ನತಿಯಾಯಿತು, ಹರೆಯದವರನ್ನು ದಂಡಿಗೆ ಸೇರಿಸಿದರು, ಮನೆ ಹೊಲ ಮುಟ್ಟುಗೋಲಾದವು, ಇಗರ್ಜಿಗಳನ್ನು ಕೆಡವಿದರು. ಮೂಡುಬಿದಿರೆಯ ಹತ್ತಿರದ ಹೊಸ್ಪೇಟೆಯ (ನಮ್ಮ ಹೊಸಪೇಟೆಯಲ್ಲ) ಇಗರ್ಜಿಯೊಂದು ಉಳಿಯಿತು. ಉಳಿಸಿದವನು ಅಲ್ಲಿನ ಜೈನ ಅರಸು, ಚೌಟ.

ಟಿಪ್ಪುವಿನ ಹೆಸರೆತ್ತಿದರೆ ನಮ್ಮಲ್ಲಿ ಈಗ ಎರಡು ಗುಂಪಾಗುತ್ತದೆ. ಶೃಂಗೇರಿ ಮಠವನ್ನು 1791ರಲ್ಲಿ ಮರಾಠರ ದಂಡು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳಿಸಿದವನೂ ಇವನೇ; ಆ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡರು. ಅದು ಸುಳ್ಳಲ್ಲ, ಇದೂ ಸುಳ್ಳಲ್ಲ. ರಾಜದ್ರೋಹದ ಶಿಕ್ಷೆ ಎಂದು ಕೆಲವರು ಕ್ರೈಸ್ತರ ಸೆರೆಗೆ ಕಾರಣ ಹೇಳುತ್ತಾರೆ. ಕೋಟೆಯೊಳಗೆ ಇಂಗ್ಲಿಷರ ಜೊತೆ ಯಾರೋ ನಿಂತಿದ್ದರು ಎಂದೇ ಇಟ್ಟುಕೊಳ್ಳೋಣ. ಮೊಲೆಗೂಸು ಕಂಕುಳಲ್ಲಿಟ್ಟು ಘಟ್ಟ ಹತ್ತಿದವಳು ಮಾಡಿದ ದ್ರೋಹ ಯಾವುದು? ಒಬ್ಬನ ತಪ್ಪಿಗೆ ಅವನ ದೇವರನ್ನು ನಂಬಿದವರೆಲ್ಲ ಹೊಣೆ ಎನ್ನುವಾಗಲೇ ಅದು ಧರ್ಮದ ಹಿಂಸೆಯಾಗುತ್ತದೆ. ಇಂದಿನ ನಿರಾಶ್ರಿತರ ಕಾನೂನು ಕೂಡ ಹೆಚ್ಚುಕಡಿಮೆ ಇದೇ ಎಳೆಯನ್ನು ಹಿಡಿದು ನೋಡುತ್ತದೆ.

ಸೆರೆಯಿಂದ ತಪ್ಪಿಸಿಕೊಂಡ ಕೆಲವರು ಕೊಡಗಿಗೆ ಬಂದರು. ಆಗ ಕೊಡಗು ಬೇರೆ ರಾಜ್ಯ. ಅಲ್ಲಿನ ದೊರೆ ದೊಡ್ಡ ವೀರರಾಜೇಂದ್ರ. ಈತನ ಕಥೆ ಕೇಳಬೇಕು. ತಂದೆ ಸತ್ತ ಮೇಲೆ ಹುಡುಗನಿದ್ದಾಗಲೇ ಮೈಸೂರಿನವರು ಮೊದಲು ಹಾಸನ ಸೀಮೆಯ ಗೊರೂರಿನಲ್ಲಿ, ಆಮೇಲೆ ಪಿರಿಯಾಪಟ್ಟಣದ ಕೋಟೆಯಲ್ಲಿ ಇವನನ್ನು ಸೆರೆಯಿಟ್ಟಿದ್ದರು. 1788ರ ಡಿಸೆಂಬರಿನಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಹೋಗಿ ರಾಜ್ಯವನ್ನು ಮರಳಿ ಕಟ್ಟಿದ. ಟಿಪ್ಪುವಿನ ದಂಡು ಕೊಡಗಿನ ಜನರನ್ನೂ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತ್ತು. ಅಂದರೆ ಬಾಗಿಲಿಗೆ ಬಂದವರು ಯಾವ ಸೆರೆಯಿಂದ ಓಡಿ ಬಂದಿದ್ದರೋ ಅದರ ರುಚಿಯನ್ನು ಬಾಗಿಲು ತೆಗೆದವನೂ ಉಂಡಿದ್ದ. ನಿನಗೆ ಭಯವಿದೆ ಎಂಬುದಕ್ಕೆ ಪುರಾವೆ ಏನು ಎಂದು ಅವನು ಕೇಳಬೇಕಾಗಿರಲಿಲ್ಲ.

1792ರಲ್ಲಿ ವೀರರಾಜೇಂದ್ರ ತನ್ನ ಹೆಸರಿನಲ್ಲಿ ಹೊಸ ಪೇಟೆ ಕಟ್ಟಿಸಿದ. ಇಂದಿನ ವಿರಾಜಪೇಟೆ. ಓಡಿಬಂದ ಕ್ರೈಸ್ತರಿಗೆ ಅಲ್ಲಿ ಜಾಗ ಕೊಟ್ಟ, ಇಗರ್ಜಿಗೂ ನೆಲ ಬಿಟ್ಟ. ಸಂತ ಅನ್ನಮ್ಮನವರ ಇಗರ್ಜಿಯ ಹುಟ್ಟು ಅದೇ ವರ್ಷದ್ದು. ಪೇಟೆಯ ನಡುವೆ ಎತ್ತರಕ್ಕೆ ಕಾಣುವ ಈಗಿನ ಕಟ್ಟಡ ನಂತರದ್ದು, ನೆಲ ಮಾತ್ರ ದೊರೆ ಕೊಟ್ಟದ್ದು. ವೀರರಾಜೇಂದ್ರನ ಮನೆತನದ ಹಾಲೇರಿ ಅರಸರೂ ಲಿಂಗಾಯತರು ಎಂಬುದನ್ನು ನಮ್ಮ ಗದಗಿನ ಓದುಗರಿಗೆ ನೆನಪಿಸಬಹುದು. ಲಿಂಗಪೂಜೆ ಮಾಡುವ ದೊರೆ, ಕೊಂಕಣಿ ಮಾತಾಡುವ ಕ್ರೈಸ್ತ ಪ್ರಜೆ, ಕೊಡವರ ಕಾಡು. ಇಲ್ಲಿಯೂ ಲಾಭದ ಲೆಕ್ಕ ಇದ್ದೇ ಇದೆ: ಜನರನ್ನು ಕಳಕೊಂಡ ನಾಡಿಗೆ ಬೇಸಾಯ, ವ್ಯಾಪಾರ ಬಲ್ಲ ಕೈಗಳು ಬೇಕಿದ್ದವು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಹದಿನೈದು ವರ್ಷದ ಸೆರೆ ಮುಗಿಯಿತು. ಉಳಿದವರಲ್ಲಿ ಹೆಚ್ಚಿನವರು ಹೋದದ್ದು ಎಲ್ಲಿಗೆ? ಮತ್ತೆ ಅದೇ ಕರಾವಳಿಗೆ. ಅಲ್ಲಿ ಅವರ ಗದ್ದೆಯಲ್ಲಿ ಬೇರೆಯವರು ಉಳುತ್ತಿದ್ದರು, ಇಗರ್ಜಿಯ ಜಾಗದಲ್ಲಿ ಗೋಡೆಯ ಕಲ್ಲೂ ಉಳಿದಿರಲಿಲ್ಲ. ಹೊಸ ಕಲೆಕ್ಟರರ ಕಚೇರಿಯ ಮುಂದೆ ನಿಂತು, ಅರ್ಜಿ ಕೊಟ್ಟು, ಒಂದೊಂದೇ ಹೊಲ ಬಿಡಿಸಿಕೊಂಡರು.

ಈಗ ಅರ್ಜಿಯ ಕಾಲಕ್ಕೆ ಬರೋಣ. ಎರಡನೆಯ ಮಹಾಯುದ್ಧವಾದ ಮೇಲೆ 1951ರಲ್ಲಿ ನಿರಾಶ್ರಿತರ ಬಗ್ಗೆ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರ ಕಾರಣಕ್ಕೆ ಹಿಂಸೆಯಾದೀತೆಂಬ ಆಧಾರವುಳ್ಳ ಭಯ ಇದ್ದು ತನ್ನ ದೇಶದ ಹೊರಗಿರುವವನು ನಿರಾಶ್ರಿತ. ಅವನನ್ನು ಆ ಭಯದ ಬಾಯಿಗೆ ತಿರುಗಿ ನೂಕಬಾರದು. ಒಪ್ಪಂದದ ಜೀವಾಳ ಇಷ್ಟೇ. ಉದ್ಯೋಗವಿಲ್ಲ, ಬೆಳೆ ಹೋಯಿತು, ಸಾಲವಾಯಿತು ಎನ್ನುವುದು ಈ ಲೆಕ್ಕಕ್ಕೆ ಬಾರದು.

ಅಮೆರಿಕದಲ್ಲಿ ಇದಕ್ಕೆ ಐ-589 ಎಂಬ ನಮೂನೆ ಇದೆ. ಹನ್ನೆರಡು ಪುಟ. ದೇಶದೊಳಗೆ ಕಾಲಿಟ್ಟ ಒಂದು ವರ್ಷದೊಳಗೆ ಕೊಡಬೇಕು. ತಡವಾದರೆ ಸಕಾರಣ ತೋರಿಸಬೇಕು. ನಿನಗೆ, ನಿನ್ನ ಮನೆಯವರಿಗೆ ಹಿಂದೆ ಏನಾಗಿದೆ, ಯಾವಾಗ, ಯಾರಿಂದ, ಯಾಕೆ? ಹಿಂದಿರುಗಿದರೆ ಏನಾದೀತೆಂಬ ಭಯವಿದೆ? ಜೋಡಿಸುವ ಕಾಗದವೆಲ್ಲ ಇಂಗ್ಲಿಷಿಗೆ ಅನುವಾದವಾಗಿರಬೇಕು. ನಮ್ಮ ಠಾಣೆಯ ಎಫ್‌ಐಆರ್ ಇರುವುದು ಕನ್ನಡದಲ್ಲಿ. ‘ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡಿಬಡಿ ಮಾಡಿ’ ಎಂಬ ಪೊಲೀಸರ ಕನ್ನಡವನ್ನು ಇಂಗ್ಲಿಷಿಗೆ ತಂದು, ಅನುವಾದ ಸರಿಯಿದೆ ಎಂದು ಅನುವಾದಕ ಸಹಿ ಮಾಡಬೇಕು. ಆ ನಮೂನೆಯ ಕೊನೆಯ ಕಡೆ ಅರ್ಜಿದಾರನ ಸಹಿಯ ಭಾಗದಲ್ಲಿ ಒಂದು ಸಣ್ಣ ಜಾಗವಿದೆ: ನಿನ್ನ ಹೆಸರನ್ನು ನಿನ್ನ ಭಾಷೆಯ ಅಕ್ಷರದಲ್ಲಿ ಬರೆ. ಹನ್ನೆರಡು ಪುಟದಲ್ಲಿ ಕನ್ನಡಿಗನೊಬ್ಬ ತನ್ನ ಲಿಪಿಯಲ್ಲಿ ಬರೆಯುವುದು ತನ್ನ ಹೆಸರನ್ನಷ್ಟೇ.

ಆಮೇಲೆ ಅಧಿಕಾರಿಯ ಮುಂದೆ ಸಂದರ್ಶನ. ಕಾಗದದಲ್ಲಿ ಸೋಮವಾರ ಎಂದು ಬರೆದು ಬಾಯಲ್ಲಿ ಬುಧವಾರ ಎಂದರೆ ಮಾತಿನ ಬೆಲೆ ಇಳಿಯಿತು. ಪೆಟ್ಟು ತಿಂದವನಿಗೆ ವಾರ ತಿಥಿ ನೆನಪಿರುವುದಿಲ್ಲ, ಕಥೆ ಕಟ್ಟಿದವನಿಗೆ ಚೆನ್ನಾಗಿ ನೆನಪಿರುತ್ತದೆ. ದುಡ್ಡು ತೆಗೆದುಕೊಂಡು ಕಥೆ ಹೊಸೆದುಕೊಡುವ ಏಜೆಂಟರು ಹುಟ್ಟಿಕೊಂಡದ್ದರಿಂದ ನಿಜವಾಗಿ ನೊಂದವರ ಮಾತೂ ಈಗ ಅನುಮಾನದ ತಕ್ಕಡಿಗೆ ಬೀಳುತ್ತದೆ. ಆಶ್ರಯ ಸಿಕ್ಕರೆ ಹೆಂಡತಿ ಅಥವಾ ಗಂಡನಿಗೆ, ಇಪ್ಪತ್ತೊಂದರೊಳಗಿನ ಮದುವೆಯಾಗದ ಮಕ್ಕಳಿಗೆ ಪಾಲು. ತಾಯಿತಂದೆ ಲೆಕ್ಕಕ್ಕಿಲ್ಲ. ಊರಿಗೆ ಬಂದುಹೋದರೆ ‘ಹಾಗಾದರೆ ಭಯ ಎಲ್ಲಿಯದು?’ ಎಂಬ ಪ್ರಶ್ನೆ ಏಳುತ್ತದೆ, ಸಿಕ್ಕ ಆಶ್ರಯವೂ ಅಲುಗಾಡುತ್ತದೆ. ಮಣ್ಣಿಗೆ ಬರಲಾಗದೆ, ಫೋನಿನ ಪರದೆಯಲ್ಲಿ ಹೆತ್ತವರ ಮುಖ ನೋಡಬೇಕಾದೀತು.

ಭಾರತದಿಂದ ಹೋದ ಕ್ರೈಸ್ತನಿಗೆ ಎಲ್ಲಕ್ಕಿಂತ ಬಿಗಿಯಾದ ಪ್ರಶ್ನೆ ಬೇರೆ: ನಿನ್ನೂರಲ್ಲಿ ಕಾಟವಿದ್ದರೆ ನಿನ್ನದೇ ದೇಶದ ಇನ್ನೊಂದು ಊರಿಗೆ ಯಾಕೆ ಹೋಗಬಾರದು? ಹಳ್ಳಿಯಲ್ಲಿ ಪ್ರಾರ್ಥನೆ ಕೂಟ ನಿಲ್ಲಿಸಿದರೆ ಬೆಂಗಳೂರಿಲ್ಲವೇ, ಗೋವೆಯಿಲ್ಲವೇ? ಅಮೆರಿಕ, ಕೆನಡಾ ಎರಡೂ ಕಡೆ ಇದನ್ನು ಕೇಳುತ್ತಾರೆ. ಹಿಂಸೆ ಮಾಡಿದ್ದು ಸರ್ಕಾರವೋ, ಖಾಸಗಿ ಗುಂಪೋ. ಗುಂಪಾದರೆ ಪೊಲೀಸರು ತಡೆಯಲಾರದವರೋ, ತಡೆಯಲೊಲ್ಲದವರೋ ಎಂಬುದನ್ನೂ ನೋಡುತ್ತಾರೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿಯಾಗಿ, ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ಕೂತು, ವರದಿ ಬಂದದ್ದು ನಮಗೆ ನೆನಪಿದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಹೊಸ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಇಂಥ ಸಂಗತಿಗಳನ್ನು ವಿದೇಶದ ಅಧಿಕಾರಿ ತೂಗುತ್ತಾನೆ. ಆದರೂ ದೇಶ ದೊಡ್ಡದು ಎಂಬ ಒಂದು ಮಾತು ಎಷ್ಟೋ ಅರ್ಜಿಗಳಿಗೆ ಎದುರಾಗುತ್ತದೆ.

ಇನ್ನೊಂದು ಊರಿಗೆ ಹೋಗು ಎಂಬ ಉತ್ತರ ನಮ್ಮ ಜಿಲ್ಲೆಗೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು 1841ರಲ್ಲಿ ಬೆಟಗೇರಿಗೆ ಬಂದರು. ಅದೇ ವರ್ಷ ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ, ತಮ್ಮ ಕಡೆ ಒಲಿದ ಕಾಲಜ್ಞಾನ ಪಂಥದವರಿಗೆಂದು ಒಂದು ಬೇಸಾಯದ ವಸತಿ ಮಾಡಿದರು. ಆ ಕಾಲಕ್ಕೆ ಕ್ರೈಸ್ತನಾದವನು ಮನೆಯವರಿಗೆ ಸತ್ತಂತೆ. ಕುಲದಿಂದ ಹೊರಗೆ, ಬಾವಿಯಿಂದ ಹೊರಗೆ, ಆಸ್ತಿಯಿಂದಲೂ ಹೊರಗೆ. ಧರ್ಮ ಬಿಟ್ಟವನ ಆಸ್ತಿ ಹಕ್ಕು ಹೋಗಬಾರದೆಂದು ಕಾನೂನಾದದ್ದು 1850ರಲ್ಲಿ. ಬೆಟಗೇರಿಯ ಜರ್ಮನ್ ದವಾಖಾನಿಗೆ ಇವತ್ತು ಎಲ್ಲ ಜಾತಿಯವರೂ ಹೋಗುತ್ತಾರೆ. ಅದರ ಬೇರು ಹೀಗೆ ಊರಿನಿಂದ ಹೊರಬಿದ್ದವರಿಗೆ ಊರು ಕಟ್ಟಿಕೊಟ್ಟ ಕಾಲದ್ದು.

ನಾವು ಬೇರೆ ದೇಶದವರ ನಿರ್ದಯೆಯ ಮಾತಾಡುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮಲ್ಲಿ ಒಂದು ಕಾನೂನೂ ಇಲ್ಲ. ವೀಸಾ ಇಲ್ಲದವನು ಬರೀ ವಿದೇಶಿ. 1996ರಲ್ಲಿ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವದ ಹಕ್ಕು ಪ್ರಜೆಯಲ್ಲದವನಿಗೂ ಉಂಟು ಎಂದಿತು. ಮುಂದಿನದೆಲ್ಲ ಸರ್ಕಾರದ ಮರ್ಜಿ. 2019ರ ಪೌರತ್ವ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಕ್ರೈಸ್ತರನ್ನೂ ಪಟ್ಟಿಗೆ ಸೇರಿಸಿತು. 2021ರ ಸೇನಾ ದಂಗೆಯ ಮೇಲೆ ಮ್ಯಾನ್ಮಾರಿನಿಂದ ಓಡಿಬಂದ ಚಿನ್ ಕ್ರೈಸ್ತರು ಆ ಪಟ್ಟಿಯಲ್ಲಿಲ್ಲ. ಅವರನ್ನು ತಡೆಯಿರಿ ಎಂದು ದೆಹಲಿಯಿಂದ ಪತ್ರ ಹೋಯಿತು. ಇವರು ನಮ್ಮ ರಕ್ತಸಂಬಂಧಿಗಳು ಎಂದು ಮಿಜೋರಾಂ ಒಳಗೆ ಬಿಟ್ಟುಕೊಂಡಿತು. ವಿರಾಜಪೇಟೆಯ ಕಾಲಕ್ಕೂ ಈಗಿನದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ದೊರೆ ಒಲಿದರೆ ಭೂಮಿ, ಮುನಿದರೆ ಬಾಗಿಲು. ಆಶ್ರಯವನ್ನು ಕೇಳುವವನ ಹಕ್ಕೆಂದು ನಾವು ಇನ್ನೂ ಬರೆದುಕೊಂಡಿಲ್ಲ. ಬರೆದುಕೊಳ್ಳಬೇಕಾದ ಕಾಲ ಮೀರುತ್ತಿದೆ.

ಒಲಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಯಳವತ್ತಿಯಿಂದ ಪಡುವಲಿಗೆ ಹೋದರೆ ಮುಂಡಗೋಡು. 1966ರಿಂದ ಅಲ್ಲಿ ಟಿಬೆಟಿನವರು ಗೋವಿನಜೋಳ ಬೆಳೆಯುತ್ತಾರೆ. ಅದಕ್ಕೂ ಮೊದಲು, 1960ರಲ್ಲಿ, ಆಗಿನ ಮೈಸೂರು ಸರ್ಕಾರ ಅವರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತ್ತು. ಬೈಲಕುಪ್ಪೆ ಇರುವುದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ದೊಡ್ಡ ವೀರರಾಜೇಂದ್ರ ಸೆರೆ ಮುರಿದು ಓಡಿದ್ದು ಆ ಪಿರಿಯಾಪಟ್ಟಣದ ಕೋಟೆಯಿಂದಲೇ.